ಹಿಂದಿನ ಸೀಟಿನ ಕಿವಿ

ನನ್ನ ಗಂಡ ಕಾರು ಕೊಂಡಾಗ ಊರಿನವರು ಎರಡು ಮಾತಾಡಿದರು. ಕೊತ್ತತ್ತಿಯ ಬೇಸಾಯಗಾರನ ಮಗನಿಗೆ ತಲೆ ಕೆಟ್ಟಿದೆ ಎನ್ನುವುದು ಒಂದು, ಕಾರು ಮಾರಿದ ಮೈಸೂರಿನ ಸಾಹೇಬನಿಗೆ ತಲೆ ಚೆನ್ನಾಗಿದೆ ಎನ್ನುವುದು ಇನ್ನೊಂದು. ಎರಡೂ ನಿಜವೆಂದೇ ನನಗೂ ಅನ್ನಿಸಿತ್ತು. ಅದು ಮೇಲೆ ಕ್ಯಾನ್ವಾಸಿನ ಮುಸುಕಿದ್ದ ಹಳೆಯ ಗಾಡಿ. ಸಾಹೇಬ ಅದನ್ನು ವರ್ಷಗಟ್ಟಲೆ ಓಡಿಸಿ, ಸುಖವನ್ನೆಲ್ಲ ತಾನು ಉಂಡು, ಸದ್ದನ್ನು ನಮಗೆ ಬಿಟ್ಟುಕೊಟ್ಟಿದ್ದ. ಇಂಜಿನ್ ಗಟ್ಟಿಯಾಗಿತ್ತು, ಮಿಕ್ಕದ್ದೆಲ್ಲ ಲಟಲಟ ಅನ್ನುತ್ತಿತ್ತು.

ನಮ್ಮವರು ಅದನ್ನು ಮಂಡ್ಯದ ರೈಲ್ವೆ ಸ್ಟೇಷನ್ನಿನ ಮುಂದೆ ಬಾಡಿಗೆಗೆ ನಿಲ್ಲಿಸುತ್ತಿದ್ದರು. ಮದ್ದೂರು, ಮಳವಳ್ಳಿ ಕಡೆಯ ಮದುಮಕ್ಕಳು, ಹೆರಿಗೆ ನೋವಿನ ಹೆಂಗಸರು, ಸಕ್ಕರೆ ಫ್ಯಾಕ್ಟರಿಯ ಆಫೀಸರುಗಳು, ಎಲ್ಲರೂ ಅದರಲ್ಲಿ ಕೂತವರೇ. ಜಮೀನನ್ನು ತಮ್ಮನಿಗೆ ಬಿಟ್ಟು ಸ್ಟೀರಿಂಗ್ ಹಿಡಿದಿದ್ದ ಮನುಷ್ಯ. ಅನ್ನದಲ್ಲಿ ಕಲ್ಲು ಸಿಕ್ಕರೆ ತೆಗೆದಿಟ್ಟು ಸುಮ್ಮನೆ ಉಣ್ಣುತ್ತಿದ್ದರು. ಕಾರಿನಲ್ಲಿ ಒಂದು ಮೊಳೆ ಅಲ್ಲಾಡಿದರೆ ಮಾತ್ರ ಅನ್ನವೂ ಸೇರುತ್ತಿರಲಿಲ್ಲ, ನಿದ್ದೆಯೂ ಬರುತ್ತಿರಲಿಲ್ಲ.

ಬಾಡಿಗೆ ಇಲ್ಲದ ಒಂದು ದಿನ ನನ್ನ ಹತ್ತಿರ ಬಂದು ನಿಂತರು. ನಾನು ಹಿಟ್ಟು ಜರಡಿ ಹಿಡಿಯುತ್ತಿದ್ದೆ.

"ಮುಂದೆ ಕೂತೋನ್ಗೆ ಹಿಂದಿನ್ ಸದ್ದು ಎಲ್ಲಿಂದ ಬತ್ತದೆ ಅಂತ ಗೊತ್ತಾಗಕಿಲ್ಲ. ನೀನು ಹಿಂದೆ ಕೂತ್ಕಂಡು ಕಿವಿ ಕೊಡು ಬಾರಮ್ಮಿ."

ಅತ್ತೆ ಪುಟ್ಟಮಾದಮ್ಮನವರು ಜಗಲಿಯಿಂದಲೇ ಶುರು ಮಾಡಿದರು. "ಗದ್ದೆಗೆ ಬಾ ಅಂದ್ರೆ ಸೊಂಟನೋವು. ಕಾರಲ್ಲಿ ಕೂರಕೆ ನೋಡು, ದೊರೆಸಾನಿ ಅಂಗೆ ಎದ್ಬತ್ತಾಳೆ!"

ನಾನು ದೊರೆಸಾನಿಯ ಹಾಗೆಯೇ ಎದ್ದು ಹೋದೆ. ಯಾಕೆ ಹೋಗಬಾರದು?

ಅಲ್ಲಿಂದ ಅದೇ ನಮ್ಮ ಕೆಲಸದ ಪದ್ಧತಿಯಾಯಿತು. ಅವರು ಓಡಿಸುವುದು, ನಾನು ಹಿಂದಿನ ಸೀಟಿನಲ್ಲಿ ಬಾಗಿಲಿಗೋ ನೆಲದ ಹಲಗೆಗೋ ಕಿವಿ ಹಚ್ಚಿಕೊಂಡು ಸದ್ದಿನ ಗುರುತು ಹೇಳುವುದು. ಕಾರಿನ ಅಂಗಾಂಗದ ಹೆಸರು ನನಗೇನು ಗೊತ್ತು? ಅಡುಗೆಮನೆಯ ಭಾಷೆಯಲ್ಲೇ ಹೇಳುತ್ತಿದ್ದೆ. ಎಡಗಡೆ ಬಾಗಿಲಲ್ಲಿ ಹುರಿಗಡಲೆ ಡಬ್ಬ ಅಲ್ಲಾಡಿಸ್ದಂಗೆ ಆಯ್ತದೆ ಅಂದರೆ, ಅವರು ನಿಲ್ಲಿಸಿ ಇಳಿದು ಬಾಗಿಲಿನ ತಿರುಪು ಬಿಗಿ ಮಾಡುತ್ತಿದ್ದರು. ಪಾತ್ರೆ ಮೇಲಿನ ಮುಚ್ಚಳ ಕುಣಿದಂಗೆ ಅಂದರೆ ಮಡ್‌ಗಾರ್ಡು. ಸಂದಿಗೆ ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ತುರುಕುತ್ತಿದ್ದರು, ಇಲ್ಲವೇ ಗೋಣಿತಾಟಿಗೆ ಮೇಣ ಸವರಿ ಒತ್ತುತ್ತಿದ್ದರು. ಒಂದು ಸಲ ಏನು ಮಾಡಿದರೂ ಹೋಗದ ಟಿಕ್‌ಟಿಕ್ ಒಂದಿತ್ತು. ಸೀಟು ಕಿತ್ತು ನೋಡಿದರೆ ಯಾರೋ ಬೀಗರು ಬೀಳಿಸಿಹೋಗಿದ್ದ ಅಡಕತ್ತರಿ! ಅದನ್ನು ಹಿಡಿದುಕೊಂಡು ನಡುರಸ್ತೆಯಲ್ಲಿ ನಾವಿಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಮದುವೆಯಾಗಿ ಅಷ್ಟು ವರ್ಷವಾದರೂ ಮನೆಯಲ್ಲಿ ಹಾಗೆ ಜೊತೆಯಾಗಿ ನಕ್ಕಿರಲಿಲ್ಲ. ಮಕ್ಕಳಿಲ್ಲದ ಮನೆ ನಮ್ಮದು, ನಗುವುದಕ್ಕೆ ನೆಪ ಬೇಕಾಗುತ್ತಿತ್ತು. ನನ್ನ ಬಾಳಿನ ಒಳ್ಳೆಯ ದಿನಗಳು ಯಾವುವೆಂದು ಯಾರಾದರೂ ಕೇಳಿದರೆ ಆ ಹಿಂದಿನ ಸೀಟನ್ನೇ ತೋರಿಸುತ್ತೇನೆ.

ಆ ಹೊತ್ತಿಗೆ ನಮ್ಮ ಸೀಮೆಗೆ ನಾಲೆ ನೀರು ಬಂದು ಕೆಲವು ವರ್ಷವಾಗಿತ್ತು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಭತ್ತ ಬಂತು, ಕಬ್ಬು ಬಂತು. ನೀರು ನಿಂತಲ್ಲೆಲ್ಲ ಸೊಳ್ಳೆ ಬಂತು, ಸೊಳ್ಳೆಯ ಹಿಂದೆಯೇ ಚಳಿಜ್ವರ ಬಂತು. ಅನ್ನ ಕೊಟ್ಟ ನೀರನ್ನು ಬಯ್ಯಬಾರದು ಅಂತ ಅತ್ತೆ ಹೇಳುತ್ತಿದ್ದರು. ನಾನು ಬಯ್ದೆ, ಈಗಲೂ ಬಯ್ಯುತ್ತೇನೆ.

ಯುರೋಪಿನಲ್ಲಿ ಯುದ್ಧ ಶುರುವಾದ ಮರುವರ್ಷ ನಮ್ಮವರಿಗೂ ಜ್ವರ ಹಿಡಿಯಿತು. ಒಂದು ದಿನ ಬಿಟ್ಟು ಒಂದು ದಿನ ಗಡಗಡ ನಡುಗುವುದು, ಆಮೇಲೆ ಬೆವರುವುದು. ಅದಕ್ಕೆ ಇದ್ದದ್ದು ಕೊಯಿನಾ, ಅಂದರೆ ಕ್ವಿನೈನ್ ಮಾತ್ರೆ ಒಂದೇ. ಅದರ ಕಹಿ ಮರೆಯುವುದಕ್ಕೆ ಬೆಲ್ಲ ಬೇಕು. ಮಾತ್ರೆ ನುಂಗುವುದರಲ್ಲಿ ಮಾತ್ರ ನಮ್ಮವರದು ಬೇಸಾಯಗಾರನ ಬುದ್ಧಿಯೇ ಆಯಿತು. ಒಂದು ಗಾಡಿ ಗೊಬ್ಬರಕ್ಕೆ ಪೈರು ಚೆನ್ನಾಗಿ ಬಂದರೆ ಎರಡು ಗಾಡಿ ಹೊಡೆದರೆ ಇನ್ನೂ ಚೆನ್ನಾಗಿ ಬರುತ್ತದಲ್ಲ, ಆ ಲೆಕ್ಕ. ಕಾಂಪೌಂಡರು ಎರಡು ಅಂದರೆ ಇವರು ನಾಲ್ಕು. ಮೈ ನಡುಗುವ ದಿನವೂ ಕಾರು ತೆಗೆಯುತ್ತಿದ್ದರು.

ಆಗಲೇ ಆ ಹೊಸ ಸದ್ದು ಶುರುವಾದದ್ದು.

"ಗುಂಯ್ ಅಂತದೆ ಕಣಮ್ಮಿ. ಡಬ್ಬಿಯೊಳ್ಗೆ ದುಂಬಿ ಹಾಕ್ದಂಗೆ. ಕೇಳಾಕಿಲ್ವಾ ನಿಂಗೆ?"

ನನಗೆ ಕೇಳಲಿಲ್ಲ. ನೆಲಕ್ಕೆ ಕಿವಿಯಿಟ್ಟೆ, ಬಾಗಿಲಿಗಿಟ್ಟೆ, ಮುಸುಕಿನ ಕಂಬಿಗಿಟ್ಟೆ. ಹಲಗೆಯ ಸದ್ದು ಕೇಳಿತು, ಸ್ಪ್ರಿಂಗಿನ ಸದ್ದು ಕೇಳಿತು, ದುಂಬಿ ಮಾತ್ರ ಎಲ್ಲೂ ಇಲ್ಲ. ಅವರು ಬಿಡಲಿಲ್ಲ. ಗಾಜು ಬಿಚ್ಚಿದರು, ದೀಪ ಬಿಚ್ಚಿದರು, ಬಾನೆಟ್ಟಿನ ಸುತ್ತ ಹೊಸದಾಗಿ ಪಟ್ಟಿ ಹೊಡೆದರು. ಬಿಚ್ಚಿದ ತಿರುಪುಗಳು ಅಂಗಳದಲ್ಲಿ ಚೆಲ್ಲಾಡಿ, ಅತ್ತೆ ಕೋಳಿ ನುಂಗುತ್ತದೆಂದು ಕೂಗಾಡುತ್ತಿದ್ದರು. ಕೊನೆಗೆ ನಮ್ಮವರ ಅನುಮಾನ ನನ್ನ ಮೇಲೆಯೇ ಬಂತು.

"ನಿನ್ ಕಿವೀಲಿ ಏನೋ ಕೂತದೆ. ಬಾ ಇಲ್ಲಿ."

ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು, ಬೆರಳಿನಿಂದ ಬಿಸಿ ನೋಡಿ ನೋಡಿ, ನನ್ನ ಎರಡು ಕಿವಿಗೂ ಬಿಟ್ಟರು. ಅವರ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದೆ. ಕಿವಿ ಕೆಟ್ಟಿರುವುದು ನನ್ನದೇ ಇರಬೇಕು ಅಂತ ನಾನೂ ನಂಬಿದ್ದೆ. ಅದೇ ನಿಜವಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಎಣ್ಣೆ ಹಾಕಿದ ಮಾರನೆಯ ದಿನ ಮದ್ದೂರು ದಾಟಿ ಮಳವಳ್ಳಿ ರಸ್ತೆಗೆ ಹೋದೆವು. ಒಂದು ಹುಣಸೆ ಮರದ ಕೆಳಗೆ ಅವರು ಕಾರು ನಿಲ್ಲಿಸಿ ಇಂಜಿನ್ ಆರಿಸಿದರು. ಗಾಳಿ ಇರಲಿಲ್ಲ. ಹಕ್ಕಿ ಕೂಡ ಕೂಗುತ್ತಿರಲಿಲ್ಲ. ಅವರು ನನ್ನ ಕಡೆ ತಿರುಗಿ, ಬೆರಳೆತ್ತಿ, "ಈಗ ಕೇಳು. ಈಗಂತೂ ಸಂದಾಗಿ ಕೇಳ್ತಾ ಅದೆ" ಎಂದರು.

ನಾನು ಬಾಗಿಲಿನಿಂದ ಕಿವಿ ತೆಗೆದೆ.

"ಕಾರು ನಿಂತದೆ ಕಣಿ" ಎಂದೆ.

ಅವರು ಎತ್ತಿದ್ದ ಬೆರಳನ್ನು ಮೆಲ್ಲಗೆ ಇಳಿಸಿದರು.

ಅಲ್ಲಿಂದ ಹಿಂದಿರುಗಿ ಮದ್ದೂರಿನಲ್ಲಿ ಒಬ್ಬ ಡಾಕ್ಟರ ಹತ್ತಿರ ಅವರನ್ನು ಎಳೆದುಕೊಂಡು ಹೋದೆ. ಡಾಕ್ಟರು ಪೂರ್ತಿ ಕೇಳುವ ಮೊದಲೇ ಹೇಳಿದರು. "ಇದು ಕಾರಿನ ಸದ್ದಲ್ಲ ಕಣಯ್ಯ, ಅತಿಯಾಗಿ ನುಂಗಿದ ಕೊಯಿನಾ ಕಿವಿಯೊಳಗೆ ಮಾಡುವ ಸದ್ದು. ಹೇಳಿದಷ್ಟೇ ನುಂಗಬೇಕು. ಹೀಗೇ ಮುಕ್ಕುತ್ತಾ ಹೋದರೆ ಒಂದು ದಿನ ಕಿವಿಯೇ ಹೋಗುತ್ತದೆ."

ಹೊರಗೆ ಬಂದ ಮೇಲೆ ನಮ್ಮವರು ನಕ್ಕರು. ಸುಮ್ಮಸುಮ್ಮನೆ ಗಾಜೆಲ್ಲ ಬಿಚ್ಚಿದೆನಲ್ಲ ಅಂತ ನಕ್ಕರು. ನನಗೆ ನಗು ಬರಲಿಲ್ಲ. ಕಿವಿಯಿಲ್ಲದವನ ಕಾರಿಗೆ ಹೆತ್ತ ಮಗಳನ್ನು ಯಾರು ಹತ್ತಿಸುತ್ತಾರೆ? ಕಾರು ಹೋದರೆ ಈ ಮನುಷ್ಯನಲ್ಲಿ ಏನು ಉಳಿಯುತ್ತದೆ? ಮಾತ್ರೆ ಡಬ್ಬಿಯನ್ನು ಅಕ್ಕಿ ಮಡಕೆಯೊಳಗೆ ಬಚ್ಚಿಟ್ಟೆ, ಹೊತ್ತಿಗೆ ಸರಿಯಾಗಿ ನಾನೇ ತೆಗೆದು ಕೊಟ್ಟೆ. ಸದ್ದು ಸಣ್ಣಗಾಯಿತು ಅಂತಲೂ ಹೇಳಿದರು.

ಆದರೆ ಮದುವೆ ಕಾಲ ಬಂತು. ದಿನಾ ಬಾಡಿಗೆ. ಆ ಹೊತ್ತಿಗೇ ಜ್ವರ ಮತ್ತೆ ತಿರುಗಿ ಬಿತ್ತು, ಈ ಸಲ ಕನವರಿಸುವಷ್ಟು. ನಾನು ಗದ್ದೆಗೆ ಹೋಗಿದ್ದಾಗ ಅಕ್ಕಿ ಮಡಕೆಗೆ ಕೈ ಹಾಕಿ, ಡಬ್ಬಿ ತೆಗೆದು, ಲೆಕ್ಕವಿಲ್ಲದೆ ನುಂಗಿದ್ದರು. ಬಂದು ನೋಡಿದರೆ ಡಬ್ಬಿ ಬರಿದಾಗಿತ್ತು.

"ಏನ್ ಮಾಡ್ಕಂಡ್ರಿ ಇದಾ!" ಎಂದು ಕೂಗಿದೆ.

"ಮದ್ವೆ ಬಾಡ್ಗೆ ಒಪ್ಕಂಡಿವ್ನಿ ಕಣಮ್ಮಿ. ಎಣ್ಣು ಕಾಯ್ತಾ ಕೂತಿರ್ತದೆ, ನಾನು ಮಲೀಕಂಡ್ರೆ ಆದದಾ?"

ಜ್ವರ ಬಿಟ್ಟಿತು. ಎದ್ದು ಕೂತು ಗಂಜಿ ಕುಡಿದರು. ಕಿವಿ ಸ್ವಲ್ಪ ಕಟ್ಟಿಕೊಂಡಿದೆ, ಜ್ವರದ ನಿಶ್ಶಕ್ತಿ ಅಂದರು. ಎದುರಿಗೆ ನಿಂತು ಜೋರಾಗಿ ಮಾತಾಡಿದರೆ ಉತ್ತರ ಕೊಡುತ್ತಿದ್ದರು. ಹಿಂದಿನಿಂದ ಕರೆದರೆ ಸುಮ್ಮನಿರುತ್ತಿದ್ದರು. ಮಗನಿಗೆ ಮುನಿಸು ಅಂತ ಅತ್ತೆ ತಿಳಿದುಕೊಂಡರು. ನಾನೂ ಹಾಗೇ ತಿಳಿಯಲು ಪ್ರಯತ್ನಪಟ್ಟೆ.

ಮಳವಳ್ಳಿಯಿಂದ ಹೆಣ್ಣಿನ ಕಡೆಯವರನ್ನು ಕರೆತರಬೇಕಾಗಿದ್ದುದರ ಹಿಂದಿನ ದಿನ, ಕಾರು ಒಂದು ಸುತ್ತು ನೋಡೋಣ ಬಾ ಎಂದರು. ಮಂಡ್ಯ ದಾಟಿ ಹನಕೆರೆ ಕಡೆಗೆ ಹೊರಟೆವು. ಅಷ್ಟು ದಿನ ಅಂಗಳದಲ್ಲಿ ನಿಂತಿದ್ದ ಗಾಡಿ. ಗುಂಯ್ ಅನ್ನುವುದನ್ನು ಹುಡುಕುತ್ತಾ ಬಿಚ್ಚಿದ್ದನ್ನೆಲ್ಲ ಅವರು ಜ್ವರದ ಕೈಯಲ್ಲೇ ಕೂಡಿಸಿದ್ದರು. ಬಾಗಿಲು ಬಡಿಯುತ್ತಿತ್ತು, ಮಡ್‌ಗಾರ್ಡು ಕುಣಿಯುತ್ತಿತ್ತು, ದೀಪದ ಗಾಜು ಉದುರಿ ಬೀಳುವ ಹಾಗೆ ಗಲಗಲ ಅನ್ನುತ್ತಿತ್ತು. ಸಂತೆಯಲ್ಲಿ ಕೂತ ಹಾಗಿತ್ತು ನನಗೆ.

ಅವರ ಮುಖ ಮಾತ್ರ ಅರಳಿತ್ತು. "ಓಯ್ತು ಕಣಮ್ಮಿ! ದುಂಬಿ ಓಯ್ತು. ಒಂದ್ ಸದ್ದೂ ಇಲ್ಲ. ಗಾಡಿ ಬೆಣ್ಣೆ ಅಂಗೆ ಓಯ್ತಾ ಅದೆ!"

ಹಿಂದೆ ಬಸ್ಸು ಬಂತು. ಹಾರ್ನ್ ಹೊಡೆಯಿತು, ಮತ್ತೆ ಮತ್ತೆ ಹೊಡೆಯಿತು. ಇವರು ನಡುರಸ್ತೆ ಬಿಡಲಿಲ್ಲ. ಕೊನೆಗೆ ಆ ಬಸ್ಸು ಮಣ್ಣಿಗಿಳಿದು ನಮ್ಮನ್ನು ಸವರಿಕೊಂಡು ಮುಂದೆ ಹೋಯಿತು. ಡ್ರೈವರು ಕೈಯೆತ್ತಿ ಬಾಯಿಗೆ ಬಂದ ಹಾಗೆ ಬಯ್ದ.

"ನೋಡ್ದಾ, ಒಂದ್ ಆರ್ನ್ ಕೂಡ ಹಾಕ್ದೆ ನುಗ್ತಾನೆ ಬಡ್ಡೀಮಗ!" ಎಂದರು ನಮ್ಮವರು.

ಅಷ್ಟು ಹಾರ್ನಿನಲ್ಲಿ ಇವರಿಗೆ ಒಂದೂ ಕೇಳಿರಲಿಲ್ಲ. ಆದರೂ ಮನಸ್ಸು ಒಪ್ಪಲಿಲ್ಲ, ಇನ್ನೊಂದು ಸಲ ನೋಡೋಣ ಅಂದಿತು. ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಮದುವೆಯಲ್ಲಿ ಒಡಪಿನ ಪದದೊಳಗೆ ಸೇರಿಸಿ ನಾಚಿಕೊಂಡು ಹೇಳಿದ್ದೇ ಕೊನೆ. ಆಮೇಲೆ ಇಗಾ, ನೋಡಿ ಇಲ್ಲಿ, ಅಷ್ಟೇ. ಹೆಸರು ಹಿಡಿದು ಕೂಗಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಅಂತ ನನ್ನ ತಾಯಿ ನನ್ನನ್ನು ಹೆದರಿಸಿದ್ದಳು. ಎಂಥ ಮುನಿಸಿನ ಗಂಡನಾದರೂ ಹೆಂಡತಿಯ ಬಾಯಲ್ಲಿ ತನ್ನ ಹೆಸರು ಕೇಳಿದರೆ ತಿರುಗಿ ನೋಡದೆ ಇರಲಾರ.

"ಮರಿಸಿದ್ದಯ್ಯಾ" ಎಂದೆ.

ಅವರು ತಿರುಗಲಿಲ್ಲ.

"ಮರಿಸಿದ್ದಯ್ಯಾ!" ಗಂಟಲು ಹರಿಯುವ ಹಾಗೆ ಕೂಗಿದೆ. ರಸ್ತೆಯ ಬದಿ ಹುಲ್ಲು ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು ಬೆಚ್ಚಿ ನಿಂತು ನನ್ನನ್ನು ನೋಡಿದಳು. ನನ್ನ ಗಂಡ ಸ್ಟೀರಿಂಗಿನ ಮೇಲೆ ಬೆರಳಾಡಿಸುತ್ತಾ, ಸಂತೋಷವಾಗಿ, ಮುಂದೆ ನೋಡುತ್ತಾ ಹೋಗುತ್ತಿದ್ದರು.

ನಾನು ಅತ್ತುಬಿಟ್ಟೆ. ಅಳುವುದಕ್ಕೆ ಅಡ್ಡಿಯೇನಿತ್ತು, ಕೇಳುವವರು ಯಾರೂ ಇರಲಿಲ್ಲ.

ಹನಕೆರೆ ಹತ್ತಿರ ಅವರೇ ನಿಲ್ಲಿಸಿದರು. ಇಂಜಿನ್ ಓಡುತ್ತಲೇ ಇತ್ತು. "ಏನಾರ ಸದ್ದು ಸಿಕ್ತಾ?" ಎಂದು ತಿರುಗಿ, ನನ್ನ ಮುಖ ನೋಡಿ, "ಯಾಕಮ್ಮಿ?" ಎಂದರು.

ಇಲ್ಲ, ಒಂದೂ ಸದ್ದಿಲ್ಲ ಅಂತ ತಲೆಯಾಡಿಸಿಬಿಡಬಹುದಿತ್ತು. ಆದರೆ ನಾಳೆ ಈ ಸೀಟಿನಲ್ಲಿ ಮದುವಣಗಿತ್ತಿ ಕೂರುತ್ತಿದ್ದಳು, ಜೊತೆಗೆ ಮಕ್ಕಳು. ನಾನು ಇಳಿದೆ. ಅವರ ಬಾಗಿಲು ತೆಗೆದು, ಕೈ ಹಿಡಿದು ಇಳಿಸಿ, ಆ ಕೈಯನ್ನು ತಂದು ಮಡ್‌ಗಾರ್ಡಿನ ಮೇಲೆ ಇಟ್ಟೆ.

ತಗಡು ಅವರ ಅಂಗೈ ಕೆಳಗೆ ಪಟಪಟನೆ ಹೊಡೆದುಕೊಳ್ಳುತ್ತಿತ್ತು. ಮೊದಲು ಅವರಿಗೆ ಅರ್ಥವಾಗಲಿಲ್ಲ. ಆಮೇಲೆ ಬಗ್ಗಿ ಅದಕ್ಕೆ ಕಿವಿ ಹಚ್ಚಿದರು. ಒಂದು ಕಿವಿ, ಮತ್ತೊಂದು ಕಿವಿ. ಎದ್ದು ಬಾಗಿಲಿನ ಮೇಲೆ ಕೈಯಿಟ್ಟರು, ದೀಪದ ಮೇಲೆ ಇಟ್ಟರು, ಬಾನೆಟ್ಟಿನ ಮೇಲೆ ಇಟ್ಟರು. ಎಲ್ಲ ಕಡೆ ಇಟ್ಟು ಬಂದು ನನ್ನ ಮುಂದೆ ನಿಂತರು.

"ಇವೆಲ್ಲಾ ಸದ್ದು ಮಾಡ್ತಾ ಅವಾ?"

ಹೌದು ಎಂದು ತಲೆಯಾಡಿಸಿದೆ.

"ಜೋರಾಗಾ?"

ಅದಕ್ಕೂ ತಲೆಯಾಡಿಸಿದೆ.

ಅವರು ಒಳಗೆ ಕೈ ಚಾಚಿ ಇಂಜಿನ್ ಆರಿಸಿದರು. ಮೆಟ್ಟಿಲ ಹಲಗೆಯ ಮೇಲೆ ಕೂತು ತಲೆಯ ರುಮಾಲು ತೆಗೆದು ಮುಖ ಒರೆಸಿಕೊಂಡರು. ಆಮೇಲೆ, "ನಾಳೀಕೆ ಬ್ಯಾರೆ ಗಾಡಿ ನೋಡ್ಕಳಿ ಅಂತ ಏಳಿ ಕಳಿಸ್ಬೇಕು ಅವ್ರ್ಗೆ" ಎಂದರು. ಧ್ವನಿ ಎಷ್ಟು ಜೋರಾಗಿತ್ತೆಂದರೆ ಆಚೆ ಗದ್ದೆಯಲ್ಲಿದ್ದವರು ತಲೆಯೆತ್ತಿದರು.

ಮನೆಗೆ ಹಿಂದಿರುಗುವಾಗ ನಾನು ಮುಂದೆ ಕೂತೆ. ಹೆಂಗಸರು ಮುಂದೆ ಕೂರುವ ರೂಢಿಯಿರಲಿಲ್ಲ, ಯಾರು ಏನಾದರೂ ಅಂದುಕೊಳ್ಳಲಿ ಅನ್ನಿಸಿತು. ಹಿಂದೆ ಹಾರ್ನ್ ಕೇಳಿದಾಗ ಅವರ ತೋಳು ಮುಟ್ಟಿದೆ. ಅವರು ಪಕ್ಕಕ್ಕೆ ಹೋಗಿ ದಾರಿ ಬಿಟ್ಟರು. ಕಾರು ಊರು ಸೇರುವ ತನಕ ಬಡಿದುಕೊಳ್ಳುತ್ತಲೇ ಇತ್ತು.

ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. "ಇಷ್ಟೊತ್ತು ಎಲ್ಲಿಗ್ಲಾ ಓಗಿದ್ದೆ, ಮರೀ?" ಎಂದರು. ನಮ್ಮವರು ತಾಯಿಯನ್ನು ದಾಟಿ ಒಳಗೆ ಹೋಗಿ ಗೋಡೆಗೆ ಒರಗಿ ಕೂತರು.

"ಏನೇ ಹೊಂಬಾಳೆ, ಇನ್ನೂ ಮುನಿಸಾ ಅವುನ್ಗೆ?"

"ಮುನಿಸಲ್ಲ ಕಣತ್ತೆ" ಎಂದೆ. "ಇನ್ಮೇಲೆ ಅವ್ರನ್ನ ಮುಂದ್ ಬಂದು ಕರೀಬೇಕು."

ಅತ್ತೆಯ ಕೈ ನಿಂತಿತು. ಆಮೇಲೆ ಮಡಿಲಿನ ಸಿಪ್ಪೆ ಕೊಡವಿ ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋದರು. ಮಗನ ಎದುರು ಕೂತು, ಅವರ ಮುಖವನ್ನು ಎರಡು ಕೈಯಲ್ಲಿ ಹಿಡಿದು, "ಮರೀ" ಎಂದರು.