ಖಾಲಿ ಮೆಷಿನ್ನಿನ ಜಾಗ

ವೆಂಡಿಂಗ್ ಮೆಷಿನ್‌ನವರ ಸಂಘದ ಮೀಟಿಂಗಿಗೆ ಅವಳು ಆಸ್ಪತ್ರೆಯಿಂದ ನೇರ ಬಂದಿದ್ದಳು. ತಲೆ ಬಾಚುವುದಕ್ಕೂ ಪುರುಸೊತ್ತಿರಲಿಲ್ಲ. ಗಂಡ ಆಪರೇಷನ್ ಆಗಿ ಅಲ್ಲಿ ಮೇಲಿನ ಮಹಡಿಯಲ್ಲಿ ಮಲಗಿದ್ದ. ಅದೇ ಆಸ್ಪತ್ರೆಯ ಬಾಗಿಲಲ್ಲಿ, ದುಡ್ಡು ಹಾಕಿದರೆ ಬಿಸ್ಕತ್ತು, ನೀರು, ಜ್ಯೂಸು ಕೊಡುವ ಅವರ ಮೆಷಿನ್ ಇತ್ತು. ಸಂಸಾರ ನಡೆಯುತ್ತಿದ್ದದ್ದೇ ಅದೊಂದರಿಂದ. ಗಂಡನ ಮಂಚ ಬಿಟ್ಟು ಕದಲದೆ ವಾರಗಳೇ ಆಗಿದ್ದವು. ಇವತ್ತು ಬೆಳಿಗ್ಗೆ ಕೆಳಗಿಳಿದು ನೋಡಿದರೆ, ಅದನ್ನು ಮೂಲೆಗೆ ತಳ್ಳಿ ಗೋಡೆಗೆ ಮುಖಮಾಡಿಸಿದ್ದರು. ಆ ಜಾಗದಲ್ಲಿ ಸಂಘದ ಅಧ್ಯಕ್ಷರ ಹೊಸ ಮೆಷಿನ್ ಝಗಝಗ ದೀಪ ಹಾಕಿಕೊಂಡು ನಿಂತಿತ್ತು.

"ನಿಯಮ ಇದೆಯಲ್ಲಮ್ಮ," ಅಂದರು ಅಧ್ಯಕ್ಷರು, ಸಾವಕಾಶವಾಗಿ ಟೀ ಹೀರುತ್ತ. "ವಾರಗಟ್ಟಲೆ ಖಾಲಿ ಬಿದ್ದ ಮೆಷಿನ್ನಿನ ಜಾಗ ಬೇರೆ ಸದಸ್ಯರಿಗೆ ಹೋಗುತ್ತೆ. ನಾನಲ್ಲದಿದ್ರೆ ಹೊರಗಿನವರು ಬಂದು ಕೂರ್ತಿದ್ರು."

ಆಹಾ, ಎಂಥ ಉಪಕಾರ. ಸಂಘದಲ್ಲಿ ಅದಕ್ಕಿಂತ ಹಳೆಯ ಪದ್ಧತಿಯೊಂದಿತ್ತು. ಒಬ್ಬರ ಮನೆಯಲ್ಲಿ ಕಾಯಿಲೆ ಕಸಾಲೆ, ಸಾವು ನೋವು ಬಂದರೆ ಉಳಿದವರು ಹೋಗಿ ಅವರ ಮೆಷಿನ್ ತುಂಬಿಸಬೇಕು. ಅದಕ್ಕೆಂದೇ ಎಲ್ಲರ ಮೆಷಿನ್ನಿನ ಇನ್ನೊಂದು ಬೀಗದಕೈ ಅಧ್ಯಕ್ಷರ ಹತ್ತಿರ ಇರುತ್ತಿತ್ತು. ಆ ಪದ್ಧತಿ ತಂದವನೇ ಅವಳ ಗಂಡ.

"ನಮ್ಮನೆಯವರನ್ನ ನೋಡೋಕೆ ಬಂದು, ಮಂಚದ ಪಕ್ಕ ಕೂತು ಏನಂದ್ರಿ ನೀವು? 'ಮೆಷಿನ್ ಚಿಂತೆ ಬಿಡಿ, ನಾನಿದೀನಿ' ಅಂದ್ರಿ. ಕೆಳಗೆ ಹೋಗಿ ಖಾಲಿ ಇದೆ ಅಂತ ಫೋಟೊ ತೆಗೆದ್ರಿ. ಬೀಗದಕೈ ನಿಮ್ಮ ಹತ್ರಾನೇ ಇತ್ತು. ನಿಮ್ಮ ತಾಯಿ ತೀರಿಕೊಂಡಾಗ ಬಸ್ ಸ್ಟ್ಯಾಂಡಿನ ನಿಮ್ಮ ಮೆಷಿನ್ ತುಂಬಿಸಿದ್ದು ನಾವು. ಆಗ ನಾವೂ ಫೋಟೊ ತೆಗೀಬಹುದಿತ್ತು."

ಅಧ್ಯಕ್ಷರು ಟೀ ಲೋಟ ಕೆಳಗಿಟ್ಟು, ತಾವು ಮಾಡಿದ್ದು ಸರಿ ಅನ್ನುವವರು ಕೈ ಎತ್ತಿ ಅಂದರು. ಒಬ್ಬೊಬ್ಬರಾಗಿ ಎಲ್ಲರೂ ಎತ್ತಿದರು. ಬಾಣಂತನದುದ್ದಕ್ಕೂ ಇವಳ ಕೈಲಿ ಮೆಷಿನ್ ತುಂಬಿಸಿಕೊಂಡಿದ್ದ ಖಜಾಂಚಿಯೂ ಎತ್ತಿದಳು, ಮುಖ ಆ ಕಡೆ ತಿರುಗಿಸಿಕೊಂಡು. ತಿಂದ ಉಪ್ಪಿನ ನೆನಪು ಒಬ್ಬರಿಗಾದರೂ ಬೇಡವೆ?

ಅವಳು ವಾಪಸು ಬಂದಾಗ ಗಂಡ ದಿಂಬಿಗೊರಗಿ ಬಿಸ್ಕತ್ತು ತಿನ್ನುತ್ತಿದ್ದ.

"ಕೆಳಗಿಂದ ನರ್ಸಮ್ಮ ತಂದುಕೊಟ್ರು. ಮೆಷಿನ್ ಭರ್ತಿ ತುಂಬಿದೆಯಂತೆ. ಅಧ್ಯಕ್ಷರು ಮಾತು ಉಳಿಸ್ಕೊಂಡ್ರು ನೋಡು. ಅವರಿಗೊಂದು ಫೋನ್ ಮಾಡಿಕೊಡು, ಥ್ಯಾಂಕ್ಸ್ ಹೇಳ್ತೀನಿ."

ಮನಸ್ಸಿಗೆ ಬೇಜಾರಾಗುವಂಥದ್ದೇನೂ ಹೇಳಬೇಡಿ ಅಂತ ಡಾಕ್ಟರು ಎಚ್ಚರಿಸಿದ್ದರು. ಆದರೆ ಈ ಬಾಯಿಂದ ಆ ಮನುಷ್ಯನಿಗೆ ಥ್ಯಾಂಕ್ಸ್ ಹೇಳಿಸುವುದು ಅವಳಿಂದಾಗದು. "ಅದು ನಮ್ಮ ಮೆಷಿನ್ನೇ ಅಲ್ಲ ಕಣ್ರೀ," ಅಂದಳು. ಒಂದೂ ಮುಚ್ಚಿಡದೆ ಎಲ್ಲ ಹೇಳಿದಳು.

ಅವನು ಉಳಿದ ಬಿಸ್ಕತ್ತನ್ನು ಪಕ್ಕಕ್ಕಿಟ್ಟ.

"ನಾಳೆ ಸಂಘದಲ್ಲಿ ಇನ್ಯಾರಾದ್ರೂ ಹಾಸಿಗೆ ಹಿಡಿದ್ರೆ?" ಅಂದ.

"ಹಿಡೀಲಿ. ಅವರ ಮೆಷಿನ್ ತುಂಬಿಸೋಕೆ ನಾನು ಹೋಗಲ್ಲ."

ಹೋಗು ಅಂತ ಅವನೂ ಅನ್ನಲಿಲ್ಲ.