ಇನ್ನೂ ಕೆಳಗೆ ಬೀಳದ ಚೆಂಡು

ಇಪ್ಪತ್ತೇಳು ವರ್ಷಗಳ ಹಿಂದೆ ಹರ್ಲಿಂಗ್ ಎಂಬ ಐರಿಷ್ ಕೋಲುಚೆಂಡಾಟದ ಫೈನಲ್ಲಿನ ಕೊನೆಯ ಗಳಿಗೆಯಲ್ಲಿ ಮಲಾಕಿ ಟೂಹಿ ಕೋಲೆತ್ತಿ ಬಾರಿಸಿದ ಚೆಂಡು ಇವತ್ತಿಗೂ ಕೆಳಗೆ ಬಿದ್ದಿಲ್ಲ. ಬ್ಯಾಲಿಡಾರಾ ಊರಿನಲ್ಲಿ ಜನ ತಲೆಗೆ ಟೋಪಿಯಿಲ್ಲದೆ ಹೊರಗೆ ಹೊರಡುವುದಿಲ್ಲ. ಪರ ಊರಿನವರು ಅದು ಮಳೆಗೆ ಎಂದುಕೊಳ್ಳುತ್ತಾರೆ, ಪಾಪ. ಆ ಚೆಂಡು ಗೋಲುಕಂಬದ ಮೇಲೆ ಹಾದ ರಭಸಕ್ಕೆ ನದಿಯ ಆಚೆ ದಡದ ಚರ್ಚಿನ ಗಂಟೆ ತಾನಾಗಿಯೇ ಮೂರು ಸಲ ಹೊಡೆದುಕೊಂಡಿತು. ಸೋತ ಆಚೆ ದಡದ ತಂಡದ ಗೋಲ್‌ಕೀಪರ್ ಮ್ಯಾಟಿ ಲೋನರ್ಗನ್‌ನ ಕಾಡಿಗೆ ಕಪ್ಪಿನ ಕೂದಲು ನಿಂತ ಜಾಗದಲ್ಲೇ ಬೆಳ್ಳಗಾಯಿತು. ಮಲಾಕಿ ಇದನ್ನು ತನ್ನ ಮದುವೆಯ ಭಾಷಣದಲ್ಲೂ ಹೇಳಿದ್ದ.

ಇಂಥ ಶೂರ ಎರಡು ವರ್ಷದಿಂದ ಒಂದು ಮನೆ ಕೊಳ್ಳಲಾಗದೆ ಒದ್ದಾಡುತ್ತಿದ್ದ.

ಅವನು, ಹೆಂಡತಿ ಡೆರ್ವ್ಲಾ, ಏಳು ವರ್ಷದ ಮಗಳು ನೋರೀನ್, ಮೂವರೂ ಅವನ ತಾಯಿ ಫಿಲೊಮಿನಾಳ ಮನೆಯ ಹಿಂದಿನ ಕೋಣೆಯಲ್ಲಿದ್ದರು. ಆ ಮನೆಗೆ ಇದ್ದದ್ದು ಒಂದೇ ಬಚ್ಚಲು. ಫಿಲೊಮಿನಾ ಬೆಳಿಗ್ಗೆ ಒಳಹೊಕ್ಕು ಜಪಮಾಲೆ ಹಿಡಿದಳೆಂದರೆ ಹೊರಗಿನ ಸಾಲಿನ ಬಾಲ ಅಂಚೆ ಕಚೇರಿಯವರೆಗೆ ಹೋಗುತ್ತಿತ್ತು. ಹಾಗಾಗಿ ಮಲಾಕಿ ಮತ್ತು ಡೆರ್ವ್ಲಾ ನಾನ್ನೂರ ಹನ್ನೆರಡು ಮನೆ ನೋಡಿದರು. ಕಾಲುವೆ ಬೀದಿಯ ಮನೆಯ ಗೋಡೆ ಮುಟ್ಟಿದರೆ ಕೈಗೆ ಮೀನು ಸಿಗುವಷ್ಟು ತೇವ. ಗುಡ್ಡದ ಮೇಲಿನ ಮನೆಯಲ್ಲಿ ಬಾಗಿಲು ತೆರೆದರೆ ಗಾಳಿ ಮೊದಲು ಒಳಗೆ ಬಂದು ಕುರ್ಚಿ ಹಿಡಿಯುತ್ತಿತ್ತು. ಹೊಸ ಬಡಾವಣೆಯಲ್ಲಿ ಮನೆಗಳಿದ್ದವು, ರಸ್ತೆ ಇರಲಿಲ್ಲ. ರಸ್ತೆ ಹಾಕಬೇಕಾದವನು ಯಾವಾಗಲೋ ಓಡಿಹೋಗಿದ್ದ.

ಇವೆಲ್ಲ ಈಚೆ ದಡದವು. ಒಳ್ಳೆಯ ಮನೆಗಳೆಲ್ಲ ಆಚೆ ದಡದಲ್ಲಿದ್ದವು. ತೊಡಕು ಇದ್ದದ್ದೇ ಅಲ್ಲಿ. ಊರಿನ ನಡುವೆ ಹರಿಯುವ ನದಿಯೇ ಎರಡು ಚರ್ಚುಗಳ ಸೀಮೆಯ ಗಡಿ, ಮತ್ತು ಮನೆ ಯಾವ ಸೀಮೆಯಲ್ಲೋ ಮಗು ಆ ಸೀಮೆಯ ತಂಡಕ್ಕೇ ಆಡಬೇಕು. ಈಚೆಯವರದು ಕೆಂಪಂಗಿ, ಆಚೆಯವರದು ಹಸಿರಂಗಿ. ಎರಡು ದಡದವರೂ ಒಂದೇ ಅಂಗಡಿಯಲ್ಲಿ ಬ್ರೆಡ್ಡು ಕೊಳ್ಳುತ್ತಾರೆ, ಒಬ್ಬರ ಮನೆಯ ಸಾವಿಗೆ ಇನ್ನೊಬ್ಬರು ಹೋಗಿ ಅತ್ತು, ಸ್ಯಾಂಡ್‌ವಿಚ್ ತಿಂದು ಬರುತ್ತಾರೆ. ಆದರೆ ಸೇತುವೆ ದಾಟಿ ಮನೆ ಕೊಂಡವನನ್ನು ಮೂರು ತಲೆಮಾರು ಮರೆಯುವುದಿಲ್ಲ.

ಡೆರ್ವ್ಲಾ ದೂರದ ಲಿಮೆರಿಕ್ ನಗರದವಳು. ಈ ಎರಡು ದಡದ ಗಲಾಟೆ ಅವಳಿಗೆ ತಲೆನೋವಾಗಿತ್ತು. ಗುರುವಾರ ಸಂಜೆ ಆಲೂಗಡ್ಡೆ ಸುಲಿಯುತ್ತ ಅವಳು ಹೇಳಿದಳು:

"ಚೆಸ್ಟ್‌ನಟ್ ರಸ್ತೇಲಿ ಒಂದು ಮನೆ ಮಾರಾಟಕ್ಕೆ ಬಂದಿದೆ. ಮೂರು ಕೋಣೆ, ಎರಡು ಬಚ್ಚಲು. ನೋರೀನ್ ಶಾಲೆ ಐದು ನಿಮಿಷದ ನಡಿಗೆ. ಶನಿವಾರ ನೋಡೋಕೆ ಹೋಗ್ತಿದೀವಿ."

"ಅದು ಆಚೆ ದಡ."

"ಗೊತ್ತು."

"ಆಚೆ ದಡದಲ್ಲಿ ಬಿಸಿಲು ಸರಿಯಾಗಿ ಬೀಳಲ್ಲ ಕಣೇ."

"ಸೂರ್ಯನಿಗೂ ಸೇತುವೆ ದಾಟೋಕೆ ನಿನ್ನ ಅಪ್ಪಣೆ ಬೇಕೇನೋ?"

"ಆ ನೀರು ಕುಡಿದ್ರೆ ಹಲ್ಲು ಹಳದಿ ಆಗುತ್ತೆ. ಬೇಕಿದ್ರೆ ಅಮ್ಮನ್ನ ಕೇಳು."

ಒಲೆಯ ಪಕ್ಕ ಕೂತಿದ್ದ ಫಿಲೊಮಿನಾ ಹೆಣಿಗೆಯಿಂದ ತಲೆ ಎತ್ತಲಿಲ್ಲ. "ನನ್ನ ಯಾಕಪ್ಪ ಎಳೀತೀಯ ಇದಕ್ಕೆ."

ಮಲಾಕಿ ಕೊನೆಯ ಅಸ್ತ್ರ ತೆಗೆದ. "ಆ ಚೆಂಡು ಹೊಡೆದವನ ಮಗಳು ಹಸಿರಂಗಿ ಹಾಕೋದಾ? ನಾನು ಊರಲ್ಲಿ ಹ್ಯಾಗೆ ತಲೆ ಎತ್ತಿ ತಿರುಗ್ಲಿ?"

ಡೆರ್ವ್ಲಾ ಚಾಕು ಕೆಳಗಿಟ್ಟಳು. "ಕೇಳು ಮಾರಾಯ. ಶನಿವಾರ ಸಂಜೆ ಒಳಗೆ ಹೂಂ ಅನ್ನದಿದ್ರೆ ಆ ಮನೆ ಬೇರೆಯವರ ಪಾಲು. ಹಾಗಾದ್ರೆ ಭಾನುವಾರ ನಾನೂ ನೋರೀನೂ ಲಿಮೆರಿಕ್‌ಗೆ, ನಮ್ಮಕ್ಕನ ಮನೆಗೆ ಹೊರಟ್ವಿ. ನೀನು ನಿನ್ನ ಚೆಂಡಿನ ಜೊತೆ ಸಂಸಾರ ಮಾಡು."

ಅವಳ ದನಿ ಏರಿರಲಿಲ್ಲ. ಮಲಾಕಿಗೆ ಹೆದರಿಕೆಯಾದದ್ದು ಅದಕ್ಕೇ.

ಅವನ ನಿಜವಾದ ಕಷ್ಟ ಮಾತ್ರ ಬಿಸಿಲೂ ಅಲ್ಲ, ಹಸಿರಂಗಿಯೂ ಅಲ್ಲ. ಚೆಸ್ಟ್‌ನಟ್ ರಸ್ತೆಯ ಆ ಮನೆಯ ಬೇಲಿಯಾಚೆ ವಾಸವಿದ್ದವನು ಸಾಕ್ಷಾತ್ ಆ ಗೋಲ್‌ಕೀಪರ್ ಮ್ಯಾಟಿ ಲೋನರ್ಗನ್.

ಶನಿವಾರ ಮನೆ ಮಾರಾಟದ ದಲ್ಲಾಳಿ ಜಾರ್ಲತ್ ಬೀಗದ ಕೈ ಗಿಲಕಿಸುತ್ತ ಕಾದಿದ್ದ. ನೋರೀನ್ ನೇರ ಮೇಲಿನ ಕೋಣೆಗೆ ಓಡಿ, ಕಿಟಕಿ ಇರುವ ಆ ಕೋಣೆ ತನ್ನದು ಎಂದು ಸಾರಿಬಿಟ್ಟಳು. ಡೆರ್ವ್ಲಾ ಅಡುಗೆಮನೆಯಲ್ಲಿ ಬಿಸಿಲಿನ ಚೌಕದೊಳಗೆ ನಿಂತು ಗೋಡೆ ಸವರಿದಳು. ಗೋಡೆ ಒಣಗಿತ್ತು. ಮಲಾಕಿ ಕಿಟಕಿಯಿಂದ ಹೊರಗೆ ನೋಡಿದ. ಬೇಲಿಯ ಆಚೆ ಒಬ್ಬ ದಪ್ಪ ಮುದುಕ ಕತ್ತರಿ ಹಿಡಿದು ಗಿಡ ಸವರುತ್ತಿದ್ದ. ತಲೆ ಬೆಳ್ಳಗಿತ್ತು.

ಕತ್ತರಿಯ ಸದ್ದು ನಿಂತಿತು. ಮುದುಕ ಬೇಲಿ ಬಳಸಿ ಹಿತ್ತಲ ಬಾಗಿಲ ಕಡೆ ಬರತೊಡಗಿದ. ಮಲಾಕಿ ಎರಡೆರಡು ಮೆಟ್ಟಿಲು ಹಾರಿ ಮಹಡಿಗೆ ಹೋಗಿ, ಬಿಸಿನೀರಿನ ಹಂಡೆ ಇಡುವ ಕಪಾಟಿನೊಳಗೆ ಹೊಕ್ಕು ಬಾಗಿಲೆಳೆದುಕೊಂಡ. ಆ ಕಪಾಟಿನಲ್ಲಿ ಎರಡು ಟವೆಲು ಹಿಡಿಸಬಹುದು. ಮಲಾಕಿ ನೂರು ಕಿಲೋ ತೂಕದವನು.

ಕೆಳಗಿನಿಂದ ದನಿಗಳು ಪೈಪಿನ ಗುಂಟ ಸ್ಪಷ್ಟವಾಗಿ ಏರಿ ಬಂದವು.

"ನಾನು ಪಕ್ಕದ ಮನೆ ಮ್ಯಾಟಿ. ನೋಡೋಕೆ ಬಂದಿದೀರಾ? ಬನ್ನಿ ತಾಯಿ, ಬನ್ನಿ. ನಮ್ಮ ಬೀದಿ ಮಕ್ಕಳಿಲ್ಲದೆ ಬಿಕೋ ಅಂತಿದೆ."

"ನಾನು ಡೆರ್ವ್ಲಾ ಟೂಹಿ. ನಮ್ಮನೆಯವರನ್ನ ನೀವು ಮರೆತಿರೋಕೆ ಸಾಧ್ಯವೇ ಇಲ್ಲ ಮ್ಯಾಟಿಯವರೇ. ಆ ಫೈನಲ್ಲಲ್ಲಿ ಕೊನೇ ಪಾಯಿಂಟು ಹೊಡೆದ ಮಲಾಕಿ."

ಹಂಡೆ ಮಲಾಕಿಯ ಬೆನ್ನು ಸುಡುತ್ತಿತ್ತು. ಕೆಳಗೆ ಕತ್ತರಿ ನೆಲಕ್ಕಿಟ್ಟ ಸದ್ದಾಯಿತು.

"ಅದನ್ನ ಹೊಡೆದೋನು ಡಿನ್ನಿ ಕಿಯೋ. ಆಸ್ಟ್ರೇಲಿಯಾಕ್ಕೆ ಹೋದ್ನಲ್ಲ, ಅವನು," ಎಂದ ಮ್ಯಾಟಿ. "ಅವತ್ತು ನನ್ನೆದುರು ಬಂದ ಒಂದೊಂದು ಮುಖಾನೂ ಕನಸಲ್ಲಿ ಬರುತ್ತೆ ತಾಯಿ. ಟೂಹಿ ಅನ್ನೋನು... ತಡೀರಿ. ಇಪ್ಪತ್ಮೂರನೇ ನಂಬರಾ? ಬೆಂಚಿನ ಮೇಲೆ ಕೂತಿದ್ದೋನು?"

"ಬೆಂಚಿನ ಮೇಲಾ?"

"ಮೈದಾನಕ್ಕೆ ಇಳೀಲೇ ಇಲ್ಲ. ಅರ್ಧ ಆಟಕ್ಕೆ ನಾವು ಒಳಗೆ ಬಂದು ನೋಡಿದ್ರೆ ನಮ್ಮ ಹ್ಯಾಮ್ ಸ್ಯಾಂಡ್‌ವಿಚ್ ಅಷ್ಟೂ ಖಾಲಿ. ಆ ಹುಡುಗ ಬಾಯಿ ಒರೆಸ್ಕೊಂಡು ಆಚೆ ಹೋಗ್ತಿದ್ದ. ಪಾಯಿಂಟು ಹೋಗಿದ್ದಕ್ಕೆ ನನಗೇನೂ ಬೇಜಾರಿಲ್ಲ. ಆದ್ರೆ ಆ ಹಸಿವು ಮರೆಯಲ್ಲ."

"ನಮ್ಮ ದಡದವರಿಗೆ ಇದು ಗೊತ್ತಾ?"

"ಎಲ್ಲರಿಗೂ ಗೊತ್ತು. ಅವರ ಹುಡುಗ ಅಲ್ವಾ, ಪರ ಊರಿಂದ ಬಂದ ಸೊಸೆ ಮುಂದೆ ಬಿಟ್ಟುಕೊಡ್ತಾರಾ? ನಮ್ಮೋರೂ ಅಷ್ಟೇ, ಸುಳ್ಳು ಕಾಯೋದ್ರಲ್ಲಿ ಏನೂ ಕಮ್ಮಿ ಇಲ್ಲ."

ಅಷ್ಟರಲ್ಲಿ ನೋರೀನ್ ಮಹಡಿಯ ಮೇಲಿನಿಂದ ಕೂಗಿದಳು. "ಅಮ್ಮಾ, ಅಪ್ಪ ಕಪಾಟಿನಲ್ಲಿದಾರೆ. ಕಾಲು ಆಚೆ ಬಂದಿದೆ."

ಮಲಾಕಿ ಕೆಳಗಿಳಿದು ಬಂದ. ಮುಖ ಬೇಯಿಸಿದ ಸೀಗಡಿಯಂತಾಗಿತ್ತು, ಹೆಗಲ ಮೇಲೆ ಯಾರದೋ ಒಂಟಿ ಕಾಲುಚೀಲ. ಜಾರ್ಲತ್ ಮರ್ಯಾದೆಗಾಗಿ ಚಾವಣಿಯ ಮೂಲೆಯನ್ನು ಪರೀಕ್ಷಿಸತೊಡಗಿದ.

"ಚೆಂಡಿನ ಮಾತು ಬಿಡು," ಎಂದಳು ಡೆರ್ವ್ಲಾ. "ನೀನು ಹೊಡೆದ್ಯೋ ಬಿಟ್ಯೋ, ನನಗೆ ಒಂದು ಕೂದಲಷ್ಟೂ ಸಂಬಂಧ ಇಲ್ಲ. ಈ ಮುದುಕರು ಬಾಯಿ ಬಿಟ್ಟಾರು ಅಂತ ಎರಡು ವರ್ಷ ನನ್ನನ್ನ ನಿಮ್ಮಮ್ಮನ ಬಚ್ಚಲ ಮುಂದೆ ಟವೆಲ್ ಹಿಡಿಸಿ ನಿಲ್ಲಿಸಿದ್ಯಲ್ಲ."

"ಒಂದ್ಸಲ ಹೇಳಿಬಿಟ್ಟೆ ಕಣೇ. ನಿನ್ನ ಮೊದಲ ಸಲ ಕುಣಿತಕ್ಕೆ ಕರೆದಾಗ. ಆಮೇಲೆ ವಾಪಸ್ ತಗೊಳ್ಳೋಕೆ ದಾರಿ ಕಾಣ್ಲಿಲ್ಲ. ಹೇಳ್ತಾ ಹೇಳ್ತಾ ಅದು ಮೇಲೆ ಮೇಲೆ ಹೋಯ್ತು."

"ಈಗ ಇಳಿಸು. ನೀನೇ ಹೇಳು ಜಾರ್ಲತ್‌ಗೆ."

ಮಲಾಕಿ ಕಾಲುಚೀಲ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟ. ಮೇಲೆ ನೋರೀನ್ ತನ್ನ ಕೋಣೆಯ ಉದ್ದವನ್ನು ಹೆಜ್ಜೆಯಲ್ಲಿ ಅಳೆಯುತ್ತಿದ್ದಳು.

"ತಗೋತೀವಿ," ಎಂದ. ಆಮೇಲೆ ಮ್ಯಾಟಿಯ ಕಡೆ ತಿರುಗಿ, "ಆ ಸ್ಯಾಂಡ್‌ವಿಚ್ಚು..."

"ಸಾಸಿವೆ ಸ್ವಲ್ಪ ಜಾಸ್ತಿ ಆಗಿತ್ತಾ?" ಎಂದು ಮ್ಯಾಟಿ ಕೇಳಿದ.

"ಹೂಂ."

"ನಮ್ಮಮ್ಮ ಮಾಡಿದ್ದು. ಅವಳ ಕೈ ಹಾಗೇ."

ಇನ್ನು ಈ ಕಥೆ ಹೇಳಿದವರೂ ಈಚೆ ದಡದವರೇ ಎಂದು ಓದುಗರು ಊಹಿಸಿರಬಹುದು. ಮ್ಯಾಟಿ ಬಾಯಿಬಿಟ್ಟ ಮೇಲೆ ಸಾಧಿಸಿ ಫಲವಿಲ್ಲ. ಅವನ ಕೂದಲು ಬೆಳ್ಳಗಾದದ್ದು ವಯಸ್ಸಿಗೆ. ಚರ್ಚಿನ ಗಂಟೆ ಹೊಡೆದದ್ದು ಗಂಟೆ ಹೊಡೆಯುವವನು, ಮೂರು ಗಂಟೆಯಾಗಿತ್ತು. ನೋಡಿದ ಮನೆಗಳು ನಾನ್ನೂರ ಹನ್ನೆರಡಲ್ಲ, ಹದಿನಾಲ್ಕು. ಆ ಚೆಂಡೂ ಕೆಳಗೆ ಬಿದ್ದಿತ್ತು, ಹೊಡೆದ ನಾಲ್ಕೇ ಕ್ಷಣಕ್ಕೆ, ಗೋಲುಕಂಬದ ಹಿಂದಿನ ಮುಳ್ಳುಪೊದೆಯಲ್ಲಿ. ಅದನ್ನು ಕೈ ಗೀರಿಸಿಕೊಂಡು ಹೆಕ್ಕಿ ತಂದವನು ಮಾತ್ರ ಮಲಾಕಿ ಟೂಹಿಯೇ. ಇದು ನಿಜ. ಬೆಂಚಿನ ಮೇಲೆ ಅವನ ಪಕ್ಕದಲ್ಲಿ ಇಪ್ಪತ್ನಾಲ್ಕನೇ ನಂಬರಿನ ಅಂಗಿ ತೊಟ್ಟು, ಉಳಿದರ್ಧ ಸ್ಯಾಂಡ್‌ವಿಚ್ ತಿನ್ನುತ್ತ ಕೂತು ನಾವೇ ಕಣ್ಣಾರೆ ನೋಡಿದ್ದೇವೆ.