ಅಯೋನಾ ಟೀಗ್‌ಗೆ ಎಷ್ಟು ಮಕ್ಕಳು

"ಆ ಫೋಟೋ ತೆಗಿ ಅಂದೆ," ಎನ್ನುತ್ತ ವರ್ಜಿಲ್ ಟೀಗ್, ತಂಗಿ ಆಗಷ್ಟೇ ಹಲಗೆಗೆ ಅಂಟಿಸಿದ ಚಿತ್ರದ ಮೂಲೆಯನ್ನು ಉಗುರಿನಿಂದ ಕೆರೆದ. "ನಾಲಿಗೆ ಚಾಚಿದಾಳೆ. ಪೆಟ್ಟಿಗೆ ಪಕ್ಕ ಇಡೋ ಫೋಟೋನ ಇದು?"

"ನಾಲಿಗೆ ಒಳಗಿಟ್ಕೊಂಡಿರೋದು ಒಂದಾದ್ರೂ ಇದ್ರೆ ಹುಡುಕಿ ಕೊಡು," ಎಂದಳು ನೆಲ್ಡಾ.

ವರ್ಜಿಲ್ ಶೂ ಡಬ್ಬಿಯೊಳಗಿದ್ದ ಫೋಟೋಗಳನ್ನೆಲ್ಲ ಕೆದಕಿದ. ಒಂದರಲ್ಲಿ ಶಾಲೆಯ ಹೆಡ್‌ಮಾಸ್ತರರ ಹಾಗೆ ಕೆನ್ನೆ ಉಬ್ಬಿಸಿದ್ದಳು. ಇನ್ನೊಂದರಲ್ಲಿ ಪಾದ್ರಿಯ ಹಾಗೆ ಕಣ್ಣು ಮೇಲೆತ್ತಿದ್ದಳು. ಮತ್ತೊಂದರಲ್ಲಿ ವರ್ಜಿಲ್‌ನದೇ ಮುಖ ಮಾಡಿದ್ದಳು, ತುಸು ಹೆಚ್ಚೇ ಚೆನ್ನಾಗಿ. ಅವನು ಮುಚ್ಚಳ ಹಾಕಿಬಿಟ್ಟ.

"ಇರಲಿ ಬಿಡು, ನಾಲಿಗೆನೇ ಇರಲಿ."

ಮಿಸೌರಿಯ ಆ ಸಣ್ಣ ಊರಿನ ಚರ್ಚಿನ ನೆಲಮಾಳಿಗೆಯಲ್ಲಿ ಆಗ ಬೆಳಗಿನ ಹತ್ತು ಗಂಟೆ. ಮೇಲೆ, ಪೀಠದ ಮುಂದೆ, ಇವರಿಬ್ಬರ ಸೋದರಿ ರೋವೀನಾ ಟೀಗ್‌ಳ ಶವಪೆಟ್ಟಿಗೆ ಇತ್ತು. ಇಪ್ಪತ್ಮೂರಕ್ಕೆ ಸತ್ತವಳು ಅರವತ್ಮೂರಕ್ಕೆ ಊರ ಮಣ್ಣಿಗೆ ಹೋಗುತ್ತಿದ್ದಳು. ನಡುವಿನ ನಲವತ್ತು ವರ್ಷ ನೆಬ್ರಾಸ್ಕಾದ ಯಾವುದೋ ಸ್ಮಶಾನದಲ್ಲಿ, 'ಅಪರಿಚಿತ ಮಹಿಳೆ' ಎಂಬ ಕಲ್ಲಿನ ಕೆಳಗೆ, ಬಾಡಿಗೆದಾರಳ ಹಾಗೆ ಮಲಗಿದ್ದಳು. ಪೆಟ್ಟಿಗೆ ಹೊತ್ತ ಆರು ಜನರೂ ಅದರ ಹಗುರಕ್ಕೆ ಒಂದು ಕ್ಷಣ ಹೆಜ್ಜೆ ತಪ್ಪಿದ್ದರು.

"ಆ ನೆಬ್ರಾಸ್ಕಾದ ಹೆಂಗಸೂ ಬರ್ತಾಳಂತೆ," ಎಂದ ವರ್ಜಿಲ್. "ವಂಶವೃಕ್ಷ ಬರೆದು ಹೆಸರು ಹುಡುಕಿದವಳು. ಬರಲಿ. ಒಂದು ಮಾತು ಕೇಳೋದಿದೆ ನಂಗೆ."

"ಏನು?"

"ಇಷ್ಟು ತಡ ಯಾಕಾಯ್ತು ಅಂತ. ಅಮ್ಮ ತೀರಿಕೊಂಡು ಇನ್ನೂ ಹದಿನಾರು ತಿಂಗಳಾಗಿಲ್ಲ."

ನೆಲ್ಡಾ ಟೇಪಿನ ಸುರುಳಿಯಲ್ಲಿ ತುದಿ ಹುಡುಕುತ್ತ ನಿಂತಳು. ಎಷ್ಟು ಸವರಿದರೂ ಸಿಗಲಿಲ್ಲ. ಏಪ್ರಿಲ್‌ನಲ್ಲಿ ಪೊಲೀಸರು ಮನೆ ಬಾಗಿಲಿಗೆ ಬಂದು ಸುದ್ದಿ ಹೇಳಿದ ದಿನದಿಂದಲೂ ಅವಳು ಇದೇ ಪ್ರಶ್ನೆಗೆ ಹೆದರಿ ಬದುಕುತ್ತಿದ್ದಳು. ಉತ್ತರ ಗೊತ್ತಿದ್ದದ್ದು ಅವಳಿಗೊಬ್ಬಳಿಗೇ.

*

ರೋವೀನಾ ಹೆದ್ದಾರಿ ಪಕ್ಕದ ಲಾರಿಯವರ ಹೋಟೆಲಿನಲ್ಲಿ ತಟ್ಟೆ ಎತ್ತುತ್ತಿದ್ದಳು. ಅದಕ್ಕಿಂತ ದೊಡ್ಡ ಕೆಲಸ ಅವಳು ಮಾಡಲಿಲ್ಲ, ಮಾಡಬೇಕೆಂದೂ ಅಂದುಕೊಂಡವಳಲ್ಲ. ಆದರೆ ಯಾರ ದನಿಯಾದರೂ ಸರಿ, ಒಮ್ಮೆ ಕೇಳಿದರೆ ಅದು ಅವಳ ಗಂಟಲಿನಲ್ಲಿ ಮನೆ ಮಾಡುತ್ತಿತ್ತು. ರಾತ್ರಿ ಹಾಸಿಗೆಯಲ್ಲಿ ಮೂರು ವರ್ಷ ಚಿಕ್ಕವಳಾದ ನೆಲ್ಡಾಗೆ ಪಾಠ. "ಮೂಗಿಂದ ಅಲ್ಲ ಪೆದ್ದಿ, ಅಮ್ಮ ಮಾತಾಡೋದು ಹಲ್ಲಿನ ಸಂದಿಂದ. ಯಾವಾಗ್ಲೂ ಬಾಯಲ್ಲಿ ಗುಂಡುಪಿನ್ನು ಕಚ್ಕೊಂಡಿರೋ ಹಾಗೆ. ಹ್ಞಾ, ಈಗ ಬೈ ನನ್ನ."

ಅದೊಂದು ಆಗಸ್ಟಿನಲ್ಲಿ ಊಟದ ಮೇಜಿನ ಮುಂದೆ ಅಪ್ಪನ ದನಿಯಲ್ಲಿ ಅಪ್ಪನಿಗೇ ಉತ್ತರ ಕೊಟ್ಟಳು. ಅಪ್ಪ ಕೈ ಎತ್ತಿದ. ಮರುದಿನ ಅವಳು ಎರಡು ಪೆಟ್ಟಿಗೆ ಹಿಡಿದು ಡೆನ್ವರ್‌ಗೆ ಬಸ್ಸು ಹತ್ತಿದಳು. ದಾರಿಯಿಂದ ಒಂದು ಕಾರ್ಡು ಬಂತು. ಆಮೇಲೆ ಏನೂ ಬರಲಿಲ್ಲ.

"ಕೋಪ ಇಳಿದ ಮೇಲೆ ಬರ್ತಾಳೆ," ಎಂದ ಅಪ್ಪ. ಹಾಗಾಗಿ ಕಾಣೆಯಾಗಿದ್ದಾಳೆ ಎಂದು ಯಾರೂ ದೂರು ಕೊಡಲಿಲ್ಲ. ಅತ್ತ ನೆಬ್ರಾಸ್ಕಾದಲ್ಲಿ ರೈಲು ಹಳಿಯ ಪಕ್ಕ ಕೊಲೆಯಾಗಿ ಸಿಕ್ಕ ಹುಡುಗಿಯನ್ನು ಯಾರೂ ಕಳೆದುಕೊಂಡೇ ಇರಲಿಲ್ಲ. ಇತ್ತ ಟೀಗ್ ಮನೆಯಲ್ಲಿ ಕಳೆದವಳು ಎಲ್ಲೂ ಸಿಕ್ಕೇ ಇರಲಿಲ್ಲ. ಕೊಂದವನು ಯಾರೆಂಬುದು ಇವತ್ತಿಗೂ ಗೊತ್ತಿಲ್ಲ.

ಅಪ್ಪ ತೀರಿಕೊಂಡ. ಅಮ್ಮ ಅಯೋನಾ ಮಾತ್ರ ಮನೆಯ ಫೋನಿನ ನಂಬರು ಬದಲಿಸಲು ಬಿಡಲಿಲ್ಲ. "ಅವಳಿಗೆ ಗೊತ್ತಿರೋದು ಇದೊಂದೇ ನಂಬರು," ಎನ್ನುತ್ತಿದ್ದಳು.

*

ಚರ್ಚಿನ ಅಡುಗೆಮನೆಯಲ್ಲಿ ನೆಲ್ಡಾ ಇದ್ದಲ್ಲಿಗೆ ಹ್ಯಾಜೆಲ್ ಟಿಂಡಾಲ್ ಗೋಡೆ ಹಿಡಿದು ಬಂದು ಕುರ್ಚಿ ಸವರಿ ಕೂತಳು. ಎಂಬತ್ತೆಂಟು ವರ್ಷ, ಎರಡು ಕಣ್ಣಿಗೂ ಪೊರೆ. ಆ ಲಾರಿಯವರ ಹೋಟೆಲು ಅವಳದೇ ಆಗಿತ್ತು.

"ಅವಳು ಆರ್ಡರ್ ತಗೊಂಡು ಒಳಗೆ ಕೂಗ್ತಿದ್ಲಲ್ಲ, ಗಿರಾಕಿ ದನೀಲೇ ಕೂಗ್ತಿದ್ಲು ಕಣೆ," ಎಂದಳು ಹ್ಯಾಜೆಲ್. "ಎರಡು ಮೊಟ್ಟೆ, ಗಟ್ಟಿಯಾಗಿ ಅಂತ ಗೊಗ್ಗರು ದನಿ ಬಂದ್ರೆ ಅಡುಗೆಯವನು ಹಣಕಿ ನೋಡದೇನೇ ಹೇಳೋನು, ಓ, ಆ ಟೆಕ್ಸಸ್‌ನೋನು ಬಂದ, ಉಪ್ಪು ಕಮ್ಮಿ ಹಾಕ್ಬೇಕು ಅಂತ. ಹೆಸರು ಬೇಕೇ ಇರಲಿಲ್ಲ ಅವಳಿಗೆ."

"ಕೊನೆಗೆ ಅವಳಿಗೇ ಹೆಸರಿಲ್ಲದ ಹಾಗಾಯ್ತು."

"ಸುಮ್ನಿರು. ಈ ಕಾಫಿ ಯಾರು ಮಾಡಿದ್ದು? ನಿಮ್ಮಮ್ಮ ಇದ್ದಿದ್ರೆ ಏನಂತಿದ್ಲು?"

ನೆಲ್ಡಾ ಯೋಚಿಸಲಿಲ್ಲ. ಅಭ್ಯಾಸ. ಹಲ್ಲಿನ ಸಂದಿಯಿಂದ ತೊಂಬತ್ತರ ಮುದುಕಿ ಹೊರಬಂದಳು. "ಬಟ್ಟಲ ತಳ ಕಾಣ್ತಿದೆಯಲ್ಲೇ. ಕಾಫಿ ಕೊಟ್ಯೋ, ಬಟ್ಟಲು ತೊಳ್ಕೊಟ್ಯೋ?"

ಹ್ಯಾಜೆಲ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಾಗಿಲಲ್ಲಿದ್ದ ಇನ್ನೊಬ್ಬರು ನಗಲಿಲ್ಲ. ಬಿಳಿ ಕೂದಲನ್ನು ಗಿಡ್ಡಕ್ಕೆ ಕತ್ತರಿಸಿದ ಒಬ್ಬ ಹೆಂಗಸು, ಚೀಸ್ ಹಾಕಿ ಬೇಯಿಸಿದ ಆಲೂಗಡ್ಡೆಯ ಬೋಗುಣಿಯನ್ನು ಟವೆಲ್ ಸುತ್ತಿ ಎದೆಗವಚಿಕೊಂಡು ನಿಂತಿದ್ದಳು.

"ಅಯೋನಾ ಟೀಗ್," ಎಂದಳು ಆಕೆ ಮೆಲ್ಲಗೆ.

"ಅವರು ನಮ್ಮಮ್ಮ. ತೀರಿಕೊಂಡ್ರು," ಎಂದಳು ನೆಲ್ಡಾ.

"ಗೊತ್ತು. ನಾನು ಮಾರ್ಲಿಸ್ ಕ್ವಿಸ್ಟ್, ನೆಬ್ರಾಸ್ಕಾದಿಂದ. ನಾವು ಒಂದ್ಸಲ ಮಾತಾಡಿದೀವಿ ಅಂತ ಕಾಣುತ್ತೆ, ನೀವು ಮತ್ತೆ ನಾನು." ಆಕೆ ಬೋಗುಣಿಯನ್ನು ಮೇಜಿನ ಮೇಲಿಟ್ಟಳು. "ಬಿಸಿ ಇದೆ, ಬಟ್ಟೆ ಹಿಡ್ಕೊಂಡು ತೆಗೀರಿ."

*

ಎರಡು ವರ್ಷದ ಹಿಂದಿನ ಜನವರಿ. ಅದಕ್ಕೂ ಮೊದಲು, ಕ್ರಿಸ್‌ಮಸ್‌ನ ವಾರ, ಒಬ್ಬ ಗಂಡಸು ಆ ಹಳೇ ನಂಬರಿಗೆ ಫೋನು ಮಾಡಿ, ನಿಮ್ಮ ಮಗಳು ಎಲ್ಲಿದ್ದಾಳೆಂದು ಗೊತ್ತು, ಅಂಗಡಿಗೆ ಹೋಗಿ ದುಡ್ಡು ತುಂಬಿದ ಉಡುಗೊರೆ ಕಾರ್ಡು ಕೊಂಡು ಅದರ ನಂಬರು ನನಗೆ ಓದಿ ಹೇಳಿ ಎಂದಿದ್ದ. ನೆಲ್ಡಾ ಬರುವ ಹೊತ್ತಿಗೆ ಅಮ್ಮ ಕೋಟು ತೊಟ್ಟು, ತಲೆ ಬಾಚಿ, ಹಿಮದಲ್ಲಿ ಅಂಗಳದವರೆಗೆ ಇಳಿದಿದ್ದಳು. "ಅವಳು ಸಿಕ್ಳು ಕಣೇ," ಎಂದಿದ್ದಳು. ಅವಳನ್ನು ತಿರುಗಿ ಮನೆಯೊಳಗೆ ಕರೆತಂದು ಆ ಕೋಟನ್ನು ಬಿಚ್ಚಿದ ಕೆಲಸವನ್ನು ನೆಲ್ಡಾ ಇನ್ನೊಮ್ಮೆ ಮಾಡಲಾರಳು.

ಅಂದಿನಿಂದ ಫೋನು ಎತ್ತುವವಳು ಅವಳೇ. ಎತ್ತುತ್ತಿದ್ದದ್ದು ಅಮ್ಮನ ದನಿಯಲ್ಲಿ. ಮುದುಕಿ ಎಂದು ಬಲೆ ಬೀಸುವವರಿಗೆ ಮುದುಕಿಯಿಂದಲೇ ಮಂಗಳಾರತಿ ಆಗಲಿ ಎಂದು. ಆ ಜನವರಿಯಲ್ಲಿ ಫೋನು ಬಂದಾಗ ಅಮ್ಮ ಒಳಗೆ ಮಲಗಿದ್ದಳು.

"ಮಿಸೆಸ್ ಅಯೋನಾ ಟೀಗ್ ಅವರಾ? ನಾನು ವಂಶವೃಕ್ಷ ಬರೆಯೋಳು. ಗುರುತು ಸಿಗದ ಒಬ್ಬ ಹುಡುಗಿಯ ರಕ್ತಸಂಬಂಧ, ಡಿಎನ್‌ಎ ಪ್ರಕಾರ, ನಿಮ್ಮ ತಾತನ ಮನೆತನಕ್ಕೆ ಹೊಂದ್ತಾ ಇದೆ. ನಿಮಗೆ ಮಕ್ಕಳೆಷ್ಟು, ಕೇಳಬಹುದಾ?"

ಕಳ್ಳರೂ ಹೀಗೇ ನಯವಾಗಿಯೇ ಕೇಳುತ್ತಾರೆ. ಮೂರನೆಯವಳೇ ಇಲ್ಲವೆಂದರೆ ಅವಳನ್ನು ಮಾರಲು ಬರುವವರು ಯಾರು?

"ಇಬ್ಬರೇ ಕಣಮ್ಮ ನಂಗೆ," ಎಂದಿತು ಅಮ್ಮನ ದನಿ. "ಒಂದು ಗಂಡು, ಒಂದು ಹೆಣ್ಣು. ಇಬ್ಬರೂ ಇಲ್ಲೇ ಇದಾರೆ, ಇಬ್ಬರಿಗೂ ದುಂಡಗಿನ ಹೊಟ್ಟೆ. ಇನ್ನೇನು, ಅವರ ಎಂಜಲು ಕಳಿಸ್ಲಾ ಪೋಸ್ಟಲ್ಲಿ?"

"ಒಂದು ಚಮಚದಷ್ಟು ಕಳಿಸಿದ್ರೆ..." ಎಂದು ಆಕೆ ನಿಜವಾಗಿಯೂ ಶುರು ಮಾಡಿದ್ದಳು. ನೆಲ್ಡಾ ಫೋನು ಕುಕ್ಕಿದಳು. ಸಂಜೆ ಆ ಮಾತನ್ನು ನಟಿಸಿ ತೋರಿಸಿ ಗಂಡನನ್ನು ನಗಿಸಿದ್ದಳು ಕೂಡ.

*

ಪಾದ್ರಿ ಇಳಿದು ಬಂದು, "ಇನ್ನು ಐದೇ ನಿಮಿಷ. ಮನೆಯವರು ಬಾಗಿಲ ಹತ್ರ ಸಾಲಾಗಿ ನಿಲ್ಲಬೇಕು, ಜನ ಬರೋಕೆ ಶುರುವಾಗಿದೆ," ಎಂದು ಹೇಳಿ ಹೋದರು. ವರ್ಜಿಲ್ ಕದಲಲಿಲ್ಲ. ಮಾರ್ಲಿಸ್‌ಳ ಎದುರಿನ ಕುರ್ಚಿ ಎಳೆದುಕೊಂಡ.

"ನೀವು ಮಾಡಿದ್ದಕ್ಕೆ ಉಪಕಾರ. ಅದು ಮೊದಲು ಹೇಳ್ತೀನಿ," ಎಂದ. "ಆದ್ರೆ ನಮ್ಮಮ್ಮ ಕಡೇ ಆರು ತಿಂಗಳು ಆ ಫೋನ್ ಪಕ್ಕದಲ್ಲೇ ಮಂಚ ಹಾಕಿಸ್ಕೊಂಡು ಮಲಗಿದ್ಲು. ಒಂದೂವರೆ ವರ್ಷ ಮುಂಚೆ ನಿಮಗೆ ಆಗ್ತಿರಲಿಲ್ವಾ?"

"ಆಗ್ತಿತ್ತು," ಎಂದಳು ಮಾರ್ಲಿಸ್. "ತಪ್ಪು ನಂದೇ. ನಿಮ್ಮ ಮುತ್ತಜ್ಜನಿಗೆ ಹನ್ನೊಂದು ಮಕ್ಕಳು. ಒಂದೊಂದು ಕೊಂಬೆ ಹಿಡಿದು ಇಳೀತಾ ಬರಬೇಕು. ನಿಮ್ಮಮ್ಮನ ಕೊಂಬೆಗೆ ನಾನು ಬೇಗ ಅಡ್ಡಗೀಟು ಹಾಕಿಬಿಟ್ಟೆ. ಉಳಿದ ಹತ್ತು ಮುಗಿಸಿ ತಿರುಗಿ ಬಂದೆ. ನಿಮ್ಮಪ್ಪ ತೀರಿಕೊಂಡಾಗ ಪೇಪರಲ್ಲಿ ಹಾಕಿಸಿದ್ರಲ್ಲ, ಅದರಲ್ಲಿ ಮೂರು ಮಕ್ಕಳ ಹೆಸರಿತ್ತು. ಅದನ್ನ ನಾನು ಮೊದಲೇ ಹುಡುಕಬೇಕಿತ್ತು."

"ಅಡ್ಡಗೀಟು ಯಾಕೆ ಹಾಕಿದ್ರಿ?"

"ಎರಡೇ ಮಕ್ಕಳು ಅಂದ್ಕೊಂಡೆ."

"ಯಾರು ಹೇಳಿದ್ರು ಎರಡು ಅಂತ?"

ಮಾರ್ಲಿಸ್ ಬಟ್ಟಲಿನಲ್ಲಿ ಚಮಚ ತಿರುಗಿಸಿದಳು. ಅದರಲ್ಲಿ ಸಕ್ಕರೆಯೇ ಇರಲಿಲ್ಲ. "ನಲವತ್ತು ವರ್ಷ ಗ್ರಂಥಾಲಯದಲ್ಲಿ ಕೆಲಸ ಮಾಡಿದೋಳು ನಾನು. ಯಾರೋ ಹೇಳಿದ್ದನ್ನ ಪರೀಕ್ಷಿಸದೆ ಬರ್ಕೊಂಡ್ರೆ, ಬರ್ಕೊಂಡೋಳದೇ ತಪ್ಪು."

ಅಲ್ಲಿಗೆ ಮುಗಿಯಬಹುದಿತ್ತು. ವರ್ಜಿಲ್ ಈ ಅಪರಿಚಿತಳನ್ನು ನಾಲ್ಕು ದಿನ ಬೈದು ಮರೆಯುತ್ತಿದ್ದ. ಆಕೆ ನೆಬ್ರಾಸ್ಕಾಗೆ ಹೋಗಿಬಿಡುತ್ತಿದ್ದಳು. ನೆಲ್ಡಾ ಅಣ್ಣನ ಪಕ್ಕ ತಲೆಯೆತ್ತಿ ನಿಲ್ಲಬಹುದಿತ್ತು. ಅವಳು ಬಾಯಿ ತೆರೆದಳು. ತನ್ನದೇ ದನಿಯಲ್ಲಿ ಹೇಳಲು ನೋಡಿದಳು, ಬರಲಿಲ್ಲ.

"ಇಬ್ಬರೇ ಕಣಮ್ಮ ನಂಗೆ. ಒಂದು ಗಂಡು, ಒಂದು ಹೆಣ್ಣು."

ವರ್ಜಿಲ್ ಸರಕ್ಕನೆ ಮೆಟ್ಟಿಲ ಕಡೆ ತಿರುಗಿ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ನಿಧಾನವಾಗಿ ತಂಗಿಯ ಕಡೆ ನೋಡಿದ.

"ನಾನೇ ಹೇಳಿದ್ದು," ಎಂದಳು ನೆಲ್ಡಾ. "ಇವರು ಫೋನ್ ಮಾಡಿದ್ರು, ವರ್ಜಿಲ್. ಅಮ್ಮ ಬದುಕಿದ್ದಾಗಲೇ ಮಾಡಿದ್ರು. ಇನ್ನೊಬ್ಬ ಕಳ್ಳ ಅಂದ್ಕೊಂಡೆ."

"ಅಮ್ಮ ಎಲ್ಲಿದ್ಲು ಆಗ?"

"ಒಳಗಿನ ರೂಮಲ್ಲಿ. ನಿದ್ದೆ ಮಾಡ್ತಿದ್ಲು."

ಅವನು ಎದ್ದ. ಕುರ್ಚಿಯನ್ನು ಮೇಜಿನೊಳಕ್ಕೆ ತಳ್ಳಿದ, ಸರಿಯಾಗಿ ಕೂತಿತೇ ಎಂದು ನೋಡಿದ. "ನಂಗೊಂದು ಮಾತು ಹೇಳೋಕೆ ಎರಡು ತಿಂಗಳು ಬೇಕಾಯ್ತಾ ನಿಂಗೆ," ಎಂದು ಕೇಳಿದ. ಉತ್ತರಕ್ಕೆ ಕಾಯದೆ ಮೆಟ್ಟಿಲು ಹತ್ತಿದ.

ಮೇಲೆ ಬಾಗಿಲ ಬಳಿ ಅವನು ನಿಂತ ಜಾಗದಿಂದ ಒಬ್ಬರು ನಿಲ್ಲುವಷ್ಟು ಅಂತರ ಬಿಟ್ಟು ನೆಲ್ಡಾ ನಿಂತಳು. ಹತ್ತಿರ ಹೋಗುವ ಧೈರ್ಯವಾಗಲಿಲ್ಲ. ಜನ ಒಳಬರತೊಡಗಿದರು. ಮಾರ್ಲಿಸ್ ಹಿಂದಿನ ಬೆಂಚು ಹುಡುಕಿಕೊಂಡು ಹೊರಟಿದ್ದಳು.

"ನೀವೆಲ್ಲಿಗೆ ಹೋಗ್ತೀರಿ?" ಎಂದ ವರ್ಜಿಲ್. "ಇಲ್ಲಿ ನಿಲ್ಲಿ," ಎಂದು ಆ ಖಾಲಿ ಜಾಗ ತೋರಿಸಿದ.

"ಅದು ಮನೆಯವರ ಸಾಲು."

"ನಲವತ್ತು ವರ್ಷದಲ್ಲಿ ಅವಳನ್ನ ಹುಡುಕ್ಕೊಂಡು ಹೋದೋರು ಮನೇಲಿ ಯಾರೂ ಇಲ್ಲ. ನಿಲ್ಲಿ."

ಆಕೆ ನಿಂತಳು. ಸಾಲಿನಲ್ಲಿ ಬಂದವರು ವರ್ಜಿಲ್‌ನ ಕೈ ಕುಲುಕಿ, ಯಾರೆಂದು ತಿಳಿಯದೆ ಮಾರ್ಲಿಸ್‌ಳ ಕೈಯನ್ನೂ ಕುಲುಕಿ, ನೆಲ್ಡಾಳ ಬಳಿ ಬರುತ್ತಿದ್ದರು. ಹ್ಯಾಜೆಲ್ ಟಿಂಡಾಲ್ ಮಾರ್ಲಿಸ್‌ಳ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದು, ಪೊರೆಗಣ್ಣು ಹತ್ತಿರ ತಂದು ನೋಡಿದಳು.

"ಥೇಟ್ ನಿಮ್ಮಮ್ಮನೇ ಕಣೆ ನೀನು," ಎಂದಳು.

ನೆಬ್ರಾಸ್ಕಾದ ಮಾರ್ಲಿಸ್ ಇಲ್ಲವೆನ್ನಲಿಲ್ಲ. ಆಗ ಆಕೆಯ ಬೆನ್ನ ಹಿಂದಿನಿಂದ ಒಂದು ಕೈ ಬಂತು. ವರ್ಜಿಲ್ ಮುಂದೆ ನೋಡುತ್ತಲೇ, ಬಂದವರಿಗೆ ತಲೆಯಾಡಿಸುತ್ತಲೇ, ನೆಲ್ಡಾಳ ಕೋಟಿನ ತೋಳನ್ನು, ಒಳಗಿನ ಕೈಯನ್ನಲ್ಲ, ಬಟ್ಟೆಯನ್ನಷ್ಟೇ, ಎರಡು ಬೆರಳಿನಲ್ಲಿ ಹಿಡಿದುಕೊಂಡ.